ಪಾಲಿಪ್ ದೊಡ್ಡದಿದೆ ಅಂದಮಾತ್ರಕ್ಕೆ ಕರುಳು ತೆಗೆಸಬೇಕಾ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಪ್ಪನಿಗೆ 67 ವರ್ಷ. ಹಿಮೋಗ್ಲೋಬಿನ್ ಕಡಿಮೆಯಾಗಿದೆ ಎಂದು ಹುಬ್ಬಳ್ಳಿಯಲ್ಲಿ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ, ಅಂದರೆ ಸ್ಕೋಪ್, ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ) ಮಾಡಿಸಿದೆವು. ದೊಡ್ಡ ಕರುಳಿನ ಬಲಭಾಗದಲ್ಲಿ 4 ಸೆಂಟಿಮೀಟರ್ ಅಗಲದ ಚಪ್ಪಟೆ ಪಾಲಿಪ್, ಅಂದರೆ ಒಳಪದರದಲ್ಲಿ ಬೆಳೆದ ಗಂಟು, ಇದೆಯಂತೆ. ಬಯಾಪ್ಸಿ ರಿಪೋರ್ಟಿನಲ್ಲಿ ‘ಟ್ಯೂಬುಲೋವಿಲಸ್ ಅಡಿನೋಮ, ಲೋ ಗ್ರೇಡ್ ಡಿಸ್‌ಪ್ಲೇಸಿಯಾ’ ಎಂದು ಬಂದಿದೆ. ಒಬ್ಬ ಡಾಕ್ಟರು ಕರುಳಿನ ಬಲಭಾಗವನ್ನೇ ತೆಗೆಯುವ ಆಪರೇಷನ್ ಹೇಳಿದರು. ಇನ್ನೊಬ್ಬರು ಸ್ಕೋಪಿನಿಂದಲೇ ತೆಗೆಯಬಹುದು, ಆದರೆ ದೊಡ್ಡ ಸೆಂಟರಿಗೆ ಹೋಗಿ ಎಂದರು. ಅಪ್ಪನಿಗೆ ಶುಗರ್ ಇದೆ. 3 ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ರಕ್ತ ತೆಳುವಾಗಿಸುವ ಮಾತ್ರೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ತಗೊಳ್ತಾರೆ. ಬೆಂಗಳೂರಿನಲ್ಲಿರುವ ಅಣ್ಣ ‘ಆಪರೇಷನ್ ಮಾಡಿಸಿ ಒಂದೇ ಸಲಕ್ಕೆ ಮುಗಿಸೋಣ’ ಎನ್ನುತ್ತಾನೆ. ಅಪ್ಪನಿಗೆ ಆಪರೇಷನ್ ಅಂದರೆ ಹೆದರಿಕೆ. ಏನು ಮಾಡುವುದು?

ಉತ್ತರ: ನಾನು ಕರುಳಿನ ಆಪರೇಷನ್ ಮಾಡುವ ಸರ್ಜನ್. ಆದರೂ ನೇರವಾಗಿಯೇ ಹೇಳುತ್ತೇನೆ. ದೊಡ್ಡ ಪಾಲಿಪ್ ತೆಗೆದು ಕೈ ಪಳಗಿದ ಎಂಡೋಸ್ಕೋಪಿ ತಜ್ಞರೊಬ್ಬರು ನಿಮ್ಮ ತಂದೆಯವರ ಪಾಲಿಪ್ಪನ್ನು ಕಣ್ಣಾರೆ ನೋಡುವವರೆಗೆ ಆಪರೇಷನ್ನಿಗೆ ದಿನ ಗೊತ್ತು ಮಾಡಬೇಡಿ. ಅವರು ನೋಡಿ ‘ಇದು ಸ್ಕೋಪಿನ ಕೆಲಸ ಅಲ್ಲ’ ಅಂದರೆ ಹಿಂದೆ ಮುಂದೆ ನೋಡದೆ ಆಪರೇಷನ್ ಮಾಡಿಸಿ. ಯುರೋಪ್ ಮತ್ತು ಅಮೆರಿಕದ ತಜ್ಞ ಸಂಘಗಳ ಸಲಹೆಯೂ ಇದೇ: ಕ್ಯಾನ್ಸರಿನ ಲಕ್ಷಣ ಇಲ್ಲದ ದೊಡ್ಡ ಪಾಲಿಪ್ ಇದ್ದರೆ ಮೊದಲು ಅನುಭವಿ ಎಂಡೋಸ್ಕೋಪಿ ತಜ್ಞರ ಹತ್ತಿರ ಕಳಿಸಬೇಕು, ಆಪರೇಷನ್ ಆಮೇಲಿನ ಮಾತು.

ನಿಮಗೆ ಆಪರೇಷನ್ ಹೇಳಿದ ಡಾಕ್ಟರು ತಪ್ಪು ಹೇಳಿದರು ಅಂತ ನಾನು ಹೇಳುತ್ತಿಲ್ಲ. 2 ಸೆಂಟಿಮೀಟರ್ ದಾಟಿದ ಚಪ್ಪಟೆ ಪಾಲಿಪ್ ತೆಗೆಯುವುದು ಎಲ್ಲ ಎಂಡೋಸ್ಕೋಪಿ ಕೋಣೆಯಲ್ಲೂ ಆಗುವ ಕೆಲಸ ಅಲ್ಲ. ತಮ್ಮಲ್ಲಿ ಆಗದ್ದನ್ನು ಕೆಣಕದೆ ಬಿಟ್ಟದ್ದೇ ಅವರು ಮಾಡಿದ ಉಪಕಾರ. ಅರ್ಧ ತೆಗೆದು ಕಳಿಸಿದ್ದರೆ ಉಳಿದರ್ಧ ಕೆಳಗಿನ ಪದರಕ್ಕೆ ಕಲೆಗಟ್ಟಿ ಅಂಟಿಕೊಳ್ಳುತ್ತಿತ್ತು. ಆಮೇಲೆ ಎಂಥ ಪಳಗಿದ ಕೈಗೂ ಅದನ್ನು ಬಿಡಿಸುವುದು ಕಷ್ಟ. ಮತ್ತೆ ಮತ್ತೆ ಬಯಾಪ್ಸಿ ತೆಗೆದರೂ ಇದೇ ತೊಂದರೆ. ಯಾರಾದರೂ ‘ಇನ್ನೊಂದು ಸಲ ಚೂರು ತೆಗೆದು ನೋಡೋಣ’ ಅಂದರೆ ಬೇಡ ಅನ್ನಿ.

ಈಗ ಬಯಾಪ್ಸಿ ರಿಪೋರ್ಟಿನ ವಿಷಯ. ಅಡಿನೋಮ ಅಂದರೆ ಸದ್ಯಕ್ಕೆ ಕ್ಯಾನ್ಸರ್ ಅಲ್ಲ, ಬಿಟ್ಟರೆ ವರ್ಷಗಳಲ್ಲಿ ಆಗಬಹುದಾದ ಗಂಟು. ಲೋ ಗ್ರೇಡ್ ಡಿಸ್‌ಪ್ಲೇಸಿಯಾ ಅಂದರೆ ಜೀವಕೋಶಗಳು ಸ್ವಲ್ಪ ಮಾತ್ರ ಕೆಟ್ಟಿವೆ ಅಂತ. ರಿಪೋರ್ಟ್ ಸಮಾಧಾನದ್ದೇ. ಆದರೆ ಅದನ್ನೊಂದೇ ನಂಬಿ ಕೂರುವ ಹಾಗಿಲ್ಲ. 4 ಸೆಂಟಿಮೀಟರ್ ಗಂಟಿನಿಂದ ಕಡಲೆಬೇಳೆಗಿಂತ ಸಣ್ಣ ಎರಡು-ಮೂರು ಚೂರು ತೆಗೆದಿರುತ್ತಾರೆ. ಉಳಿದ ಭಾಗದಲ್ಲಿ ಏನಿದೆ ಅಂತ ಆ ಚೂರು ಹೇಳುವುದಿಲ್ಲ. ಇಡೀ ಪಾಲಿಪ್ಪಿನ ಮೇಲ್ಮೈಯನ್ನು ನೋಡಿದರೆ ಚೂರಿಗಿಂತ ಜಾಸ್ತಿ ಗೊತ್ತಾಗುತ್ತದೆ.

ಹೇಗೆ ನೋಡುತ್ತಾರೆ ಅಂದರೆ, ಸ್ಕೋಪಿನ ಬಿಳಿ ಬೆಳಕನ್ನು ಒಂದು ಗುಂಡಿ ಒತ್ತಿ ನೀಲಿ-ಹಸಿರು ಬೆಳಕಿಗೆ ಬದಲಿಸುತ್ತಾರೆ. ಆಗ ಗಂಟಿನ ಮೈಮೇಲಿನ ಸಣ್ಣ ರಕ್ತನಾಳಗಳು ಕಪ್ಪಗೆ ಎದ್ದು ಕಾಣುತ್ತವೆ. ಹತ್ತಿರ ಹೋಗಿ ದೊಡ್ಡದು ಮಾಡಿದರೆ ಒಳಪದರದ ಸಣ್ಣ ಸಣ್ಣ ರಂಧ್ರಗಳ ಸಾಲು ಕಾಣುತ್ತದೆ. ಆ ಸಾಲು ಒಪ್ಪವಾಗಿದ್ದರೆ ರೋಗ ಮೇಲ್ಪದರದಲ್ಲೇ ಇದೆ ಅಂತ ಲೆಕ್ಕ. ಒಂದು ಕಡೆ ಸಾಲು ಚದುರಿಹೋಗಿದ್ದರೆ, ರಕ್ತನಾಳಗಳು ತುಂಡುತುಂಡಾಗಿದ್ದರೆ, ಅಥವಾ ಅಲ್ಲಿ ಏನೂ ಕಾಣದೆ ಬೋಳಾಗಿದ್ದರೆ, ಆ ಜಾಗದಲ್ಲಿ ಕ್ಯಾನ್ಸರ್ ಕೆಳಗೆ ಇಳಿದಿರುವ ಅನುಮಾನ. ಜಪಾನಿನವರು ಇದನ್ನು ವರ್ಗ ಮಾಡಿ ಇಟ್ಟಿದ್ದಾರೆ. ಕುಡೊ ವರ್ಗೀಕರಣ, ಜೆನೆಟ್ ವರ್ಗೀಕರಣ ಅಂತ ನಿಮ್ಮ ಮುಂದಿನ ರಿಪೋರ್ಟಿನಲ್ಲಿ ಬರೆದಿರಬಹುದು.

ಆಕಾರಕ್ಕೂ ಅರ್ಥವಿದೆ. ಬಲಭಾಗದ ಕರುಳಿನಲ್ಲಿ, ಚಾಪೆ ಹಾಸಿದಂತೆ ಚಪ್ಪಟೆಯಾಗಿ ಹರಡಿ, ಮೇಲೆ ಒಂದೇ ಸಮನೆ ಕಾಳುಕಾಳಾಗಿರುವ ಪಾಲಿಪ್ ಎಷ್ಟು ದೊಡ್ಡದಿದ್ದರೂ ಅದರೊಳಗೆ ಕ್ಯಾನ್ಸರ್ ಅಡಗಿರುವುದು ತೀರಾ ಅಪರೂಪ. ಅದೇ ಗುದನಾಳದ ಹತ್ತಿರ, ನುಣ್ಣಗಿನ ಮೈ, ಮಧ್ಯದಲ್ಲಿ ಒಂದು ದಪ್ಪ ಗುಬುಟು ಅಥವಾ ತಗ್ಗು ಇದ್ದರೆ ಅನುಮಾನ ಜಾಸ್ತಿ. ಎಲ್ಲ ಬಗೆಯ ದೊಡ್ಡ ಚಪ್ಪಟೆ ಪಾಲಿಪ್‌ಗಳನ್ನು ಒಟ್ಟು ಹಿಡಿದರೂ ಕೆಳಗೆ ಇಳಿದ ಕ್ಯಾನ್ಸರ್ ಸಿಗುವುದು ನೂರಕ್ಕೆ ಏಳೆಂಟರಲ್ಲಿ. ಅಂದರೆ ‘4 ಸೆಂಟಿಮೀಟರ್’ ಅನ್ನುವ ಅಂಕಿ ಕೇಳಿಯೇ ಬಹಳ ಮನೆಗಳಲ್ಲಿ ನಿದ್ದೆ ಕೆಡುತ್ತದೆ, ಆದರೆ ನಿರ್ಧಾರ ಆಗಬೇಕಾದದ್ದು ಆ ಅಂಕಿಯ ಮೇಲೆ ಅಲ್ಲ.

ಸ್ಕೋಪಿನಿಂದ ತೆಗೆಯುವುದು ಹೇಗೆ ಅಂತ ತಂದೆಯವರಿಗೆ ಹೇಳಿ, ಅವರ ಹೆದರಿಕೆ ಕಡಿಮೆಯಾದೀತು. ಹೊಟ್ಟೆಯ ಮೇಲೆ ಗಾಯ ಇಲ್ಲ. ನಿದ್ದೆ ಬರಿಸಿ, ಗುದದ್ವಾರದಿಂದ ಸ್ಕೋಪ್ ಹಾಕಿ ಪಾಲಿಪ್ಪಿನ ಹತ್ತಿರ ಹೋಗುತ್ತಾರೆ. ಅದರ ಬುಡಕ್ಕೆ ಸಣ್ಣ ಸೂಜಿಯಿಂದ ನೀಲಿ ಬಣ್ಣ ಬೆರೆಸಿದ ದ್ರವ ಚುಚ್ಚುತ್ತಾರೆ. ಕೈ ಸುಟ್ಟಾಗ ಬೊಬ್ಬೆ ಏಳುತ್ತದಲ್ಲ, ಹಾಗೆ ಪಾಲಿಪ್ ಮೇಲಕ್ಕೆ ಎದ್ದು ನಿಲ್ಲುತ್ತದೆ. ಬಲಭಾಗದ ಕರುಳಿನ ಗೋಡೆ ಬರೀ ಎರಡು-ಮೂರು ಮಿಲಿಮೀಟರ್ ದಪ್ಪ. ಆ ನೀರಿನ ಪದರ ಇಲ್ಲದಿದ್ದರೆ ಗೋಡೆಯೇ ತೂತಾಗಬಹುದು. ಎದ್ದು ನಿಂತ ಮೇಲೆ ತಂತಿಯ ಕುಣಿಕೆ ಹಾಕಿ, ಬಿಗಿದು, ಕರೆಂಟ್ ಕೊಟ್ಟು ತುಂಡು ತುಂಡಾಗಿ ಕತ್ತರಿಸುತ್ತಾರೆ. ಇದಕ್ಕೆ ಇಎಂಆರ್ ಅನ್ನುತ್ತಾರೆ. 4 ಸೆಂಟಿಮೀಟರಿಗೆ ಒಂದು ಗಂಟೆಯೋ ಜಾಸ್ತಿಯೋ ಹಿಡಿಯುತ್ತದೆ. ಚುಚ್ಚಿದಾಗ ಪಾಲಿಪ್ ಏಳದೆ ನೆಲಕ್ಕೆ ಕಚ್ಚಿಕೊಂಡೇ ಇದ್ದರೆ ಅದೂ ಒಂದು ಎಚ್ಚರಿಕೆ. ಒಳಗೆ ಕ್ಯಾನ್ಸರ್ ಇಳಿದಿರಬಹುದು, ಇಲ್ಲವೇ ಹಳೆ ಬಯಾಪ್ಸಿಯ ಕಲೆ ಇರಬಹುದು.

ಇನ್ನೊಂದು ವಿಧಾನ ಇಎಸ್‌ಡಿ. ಅದರಲ್ಲಿ ಸಣ್ಣ ಚಾಕುವಿನಂಥ ತುದಿಯಿಂದ ಸುತ್ತ ಗೀರಿ, ಕೆಳಗಿನಿಂದ ಬಿಡಿಸುತ್ತಾ ಇಡೀ ಪಾಲಿಪ್ಪನ್ನು ಒಂದೇ ಹಾಳೆಯ ಹಾಗೆ ತೆಗೆಯುತ್ತಾರೆ. ಜಪಾನಿನಲ್ಲಿ ಹುಟ್ಟಿದ ವಿಧಾನ, ಮೊದಲು ಜಠರಕ್ಕೆ ಅಂತ ಶುರುವಾದದ್ದು. ಒಂದೇ ತುಂಡಾಗಿ ಬರುವುದರಿಂದ ಪೆಥಾಲಜಿ ಡಾಕ್ಟರಿಗೆ ಅಂಚು, ಆಳ ಎಲ್ಲ ಸರಿಯಾಗಿ ಅಳೆಯಲು ಆಗುತ್ತದೆ. ಮತ್ತೆ ಬೆಳೆಯುವುದೂ ಬಹಳ ಕಡಿಮೆ. ಆದರೆ ಸಮಯ ಜಾಸ್ತಿ, ಕರುಳು ತೂತಾಗುವ ಸಂಭವ ಜಾಸ್ತಿ, ಚೆನ್ನಾಗಿ ಮಾಡುವವರು ಕಡಿಮೆ. ಕ್ಯಾನ್ಸರಿನ ಅನುಮಾನ ಸ್ವಲ್ಪ ಇದ್ದಾಗ, ಅದರಲ್ಲೂ ಗುದನಾಳದಲ್ಲಿ, ಇಎಸ್‌ಡಿಗೆ ಬೆಲೆ ಇದೆ. ನಿಮ್ಮ ತಂದೆಯವರಿಗೆ ಬಲಭಾಗದಲ್ಲಿದೆ. ಮೇಲ್ಮೈ ಒಪ್ಪವಾಗಿ ಕಂಡರೆ ತುಂಡು ತುಂಡಾಗಿ ತೆಗೆದರೂ ಸಾಕು, ಒಂದೇ ತುಂಡು ಬೇಕೇ ಬೇಕು ಅಂತ ಹಟ ಮಾಡುವ ಅಗತ್ಯ ಇಲ್ಲ ಅಂತ ನನ್ನ ಅಭಿಪ್ರಾಯ.

ಅಣ್ಣನ ಮಾತಿಗೆ ಬರೋಣ. ‘ಒಂದೇ ಸಲಕ್ಕೆ ಮುಗಿಯಲಿ’ ಅನ್ನುವ ಆಸೆ ನನಗೆ ಅರ್ಥವಾಗುತ್ತದೆ. ದೂರದ ಊರಿನಲ್ಲಿದ್ದು ವಯಸ್ಸಾದ ಅಪ್ಪನನ್ನು ನೋಡಿಕೊಳ್ಳುವವರ ಕಷ್ಟ ಅದು. ಆದರೆ ಆಪರೇಷನ್ ಅಂದರೆ ಏನು ಅಂತ ಅವರಿಗೆ ಬಿಡಿಸಿ ಹೇಳಬೇಕು. ಸಣ್ಣ ಕರುಳಿನ ತುದಿ, ದೊಡ್ಡ ಕರುಳಿನ ಶುರುವಿನ ಭಾಗ, ಅಪೆಂಡಿಕ್ಸ್, ಬಲಭಾಗ ಪೂರ್ತಿ ತೆಗೆದು, ಉಳಿದ ಎರಡು ತುದಿಗಳನ್ನು ಜೋಡಿಸುತ್ತೇವೆ. ಈಗ ಲ್ಯಾಪರೋಸ್ಕೋಪಿಯಲ್ಲೇ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿಯೇ, ಮಾಡುತ್ತೇವೆ, ಬಹಳ ಜನ ಒಂದು ವಾರದೊಳಗೆ ಮನೆಗೆ ಹೋಗುತ್ತಾರೆ, ಚೆನ್ನಾಗೂ ಇರುತ್ತಾರೆ. ಆದರೆ ಜೋಡಿಸಿದ ಜಾಗ ಕೆಲವರಲ್ಲಿ ಸೋರುತ್ತದೆ. ಸೋರಿದರೆ ಅದು ಪ್ರಾಣಕ್ಕೆ ಬರುವ ತೊಂದರೆ. ಅಮೆರಿಕದಲ್ಲಿ 2011ರಿಂದ 2014ರವರೆಗೆ, ಕ್ಯಾನ್ಸರ್ ಅಲ್ಲದ ಪಾಲಿಪ್ಪಿಗೆ ಅಂತಲೇ ಆಪರೇಷನ್ ಆದ 12,000ಕ್ಕೂ ಹೆಚ್ಚು ಜನರ ದಾಖಲೆ ನೋಡಿದ್ದರು. ನೂರಕ್ಕೆ 14 ಜನರಿಗೆ ದೊಡ್ಡ ತೊಂದರೆ ಆಗಿತ್ತು. 30 ದಿನದೊಳಗೆ ತೀರಿಕೊಂಡವರು ಸಾವಿರಕ್ಕೆ 7. ಕ್ಯಾನ್ಸರ್ ಇದ್ದರೆ ಈ ಅಪಾಯ ಹೊರಲೇಬೇಕು. ಕ್ಯಾನ್ಸರ್ ಅಲ್ಲದ ಗಂಟಿಗೆ, ಶುಗರ್ ಮತ್ತು ಸ್ಟೆಂಟ್ ಇರುವ 67ರ ಮನುಷ್ಯರಿಗೆ, ಬೇರೆ ದಾರಿ ನೋಡದೆ ಇದನ್ನು ಹೊರಿಸುವುದು ನನಗೆ ಒಪ್ಪಿಗೆ ಇಲ್ಲ.

ಸ್ಕೋಪಿನ ದಾರಿಗೂ ಅದರದ್ದೇ ತೊಂದರೆಗಳಿವೆ, ಮುಚ್ಚಿಡುವುದಿಲ್ಲ. ಇಎಂಆರ್‌ನಲ್ಲಿ ಕರುಳು ತೂತಾಗುವುದು ನೂರಕ್ಕೆ ಒಂದೆರಡು. ಹೆಚ್ಚಿನವನ್ನು ಅಲ್ಲೇ ಕ್ಲಿಪ್ ಹಾಕಿ ಮುಚ್ಚಬಹುದು. ತುಂಡು ತುಂಡಾಗಿ ತೆಗೆದಾಗ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಉಳಿದು ಮತ್ತೆ ಬೆಳೆಯುವ ಸಮಸ್ಯೆ ಮೊದಲು ಜಾಸ್ತಿ ಇತ್ತು. ಕತ್ತರಿಸಿ ಮುಗಿದ ಮೇಲೆ ಗಾಯದ ಅಂಚನ್ನು ಸುತ್ತ ಕುಣಿಕೆಯ ತುದಿಯಿಂದ ಮೆಲ್ಲಗೆ ಸುಟ್ಟರೆ ಇದು ಬಹಳ ಇಳಿಯುತ್ತದೆ. 2019ರಲ್ಲಿ ಬಂದ ಒಂದು ಆಸ್ಟ್ರೇಲಿಯಾದ ಅಧ್ಯಯನದಲ್ಲಿ ನೂರಕ್ಕೆ 21 ಇದ್ದದ್ದು 5ಕ್ಕೆ ಇಳಿದಿತ್ತು. ಇದಕ್ಕೆ ಬೇರೆ ಉಪಕರಣ ಬೇಡ, ಐದಾರು ನಿಮಿಷದ ಕೆಲಸ. ಆದ್ದರಿಂದ ಕೇಳಿ: ‘ಅಂಚು ಸುಡ್ತೀರಾ ಡಾಕ್ಟ್ರೇ?’ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಎಲ್ಲಕ್ಕಿಂತ ಜಾಸ್ತಿ ಯೋಚಿಸಬೇಕಾದದ್ದು ರಕ್ತಸ್ರಾವದ ಬಗ್ಗೆ. ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಪಾಲಿಪ್ ತೆಗೆದ ಜಾಗದಲ್ಲಿ ಅದೇ ದಿನ ರಕ್ತ ಬಂದರೆ ಅಲ್ಲೇ ನಿಲ್ಲಿಸುತ್ತಾರೆ, ಅದು ದೊಡ್ಡ ಮಾತಲ್ಲ. ಆದರೆ ಎರಡು ವಾರದವರೆಗೂ ಯಾವಾಗ ಬೇಕಾದರೂ ರಕ್ತ ಬರಬಹುದು. ಬಲಭಾಗದ ಪಾಲಿಪ್ಪಿನಲ್ಲಿ ಇದು ಜಾಸ್ತಿ. ಗಾಯವನ್ನು ಕ್ಲಿಪ್‌ಗಳಿಂದ ಪೂರ್ತಿ ಹೊಲಿದಂತೆ ಮುಚ್ಚಿದರೆ ನೂರಕ್ಕೆ ಸುಮಾರು 10 ಇರುವುದು 3ಕ್ಕೆ ಬರುತ್ತದೆ. ಕ್ಲಿಪ್ಪಿಗೆ ದುಡ್ಡು ಜಾಸ್ತಿ ಆಗುತ್ತದೆ, ಆದರೂ ನಿಮ್ಮ ತಂದೆಯವರ ವಿಷಯದಲ್ಲಿ ಉಳಿಸುವ ಜಾಗ ಇದಲ್ಲ. ಮಣಿಪಾಲದಲ್ಲೋ ಹುಬ್ಬಳ್ಳಿಯಲ್ಲೋ ಮನೆ ಇದ್ದವರಿಗೆ ರಾತ್ರಿ ರಕ್ತ ಬಂದರೆ ಆಟೋ ಹತ್ತಿ ಆಸ್ಪತ್ರೆಗೆ ಹೋಗಬಹುದು. ಶಿರಸಿಯ ಹಳ್ಳಿಯಿಂದ, ಅಂಕೋಲೆಯ ಮೂಲೆಯಿಂದ, ಯಲ್ಲಾಪುರದ ಕಾಡಿನ ಮನೆಯಿಂದ ಅದು ಆಗುವ ಮಾತಾ? ಮಳೆಗಾಲದಲ್ಲಂತೂ ದೇವಿಮನೆ ಘಾಟ್, ಅರಬೈಲ್ ಘಾಟ್ ಯಾವ ದಿನ ಹೇಗಿರುತ್ತದೆ ಅಂತ ಹೇಳಲಾಗದು. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿದ್ದು ನಿಮಗೆಲ್ಲ ಗೊತ್ತೇ ಇದೆ.

ಹಾಗಾಗಿ ಪಾಲಿಪ್ ತೆಗೆಸಿದ ಮಾರನೇ ದಿನ ಬಸ್ಸು ಹತ್ತಿ ಊರಿಗೆ ಬರಬೇಡಿ. ಆಸ್ಪತ್ರೆ ಇರುವ ಊರಿನಲ್ಲಿ ನೆಂಟರ ಮನೆ ಇದ್ದರೆ ವಾರ-ಹತ್ತು ದಿನ ಅಲ್ಲೇ ಇರಲಿ. ಅಡಿನೋಮ ವಾರದಲ್ಲಿ ಕ್ಯಾನ್ಸರ್ ಆಗುವುದಿಲ್ಲ. ಕ್ಯಾನ್ಸರಿನ ಅನುಮಾನ ಇಲ್ಲ ಅಂತಾದರೆ ಜೋರು ಮಳೆಯ ತಿಂಗಳು ದಾಟಿಸಿ ದಿನ ತೆಗೆದುಕೊಂಡರೂ ತೊಂದರೆ ಇಲ್ಲ. ವರ್ಷ ತಳ್ಳಬೇಡಿ, ಅಷ್ಟೇ. ಊರಿಗೆ ಬಂದ ಮೇಲೂ ಎರಡು ವಾರ ಮುಗಿಯುವ ತನಕ ಭಾರ ಎತ್ತುವುದು, ಅಡಿಕೆ ಕೊನೆ ಹೊರುವುದು ಬೇಡ. ಕೊನೆ ಕೊಯ್ಲಿನ ಹೊತ್ತಿನಲ್ಲಿ ತೋಟದವರು ಮನೆಯಲ್ಲಿ ಕೂರುವುದಿಲ್ಲ ಅಂತ ಗೊತ್ತು, ಅದಕ್ಕೇ ಕೊಯ್ಲು ನೋಡಿಕೊಂಡು ದಿನ ಗೊತ್ತು ಮಾಡಿ. ಮಲದಲ್ಲಿ ಒಂದೆರಡು ಹನಿ ರಕ್ತ ಕಂಡರೆ ಫೋನ್ ಮಾಡಿ ಕೇಳಿ. ಗಟ್ಟಿ ರಕ್ತದ ಹೆಪ್ಪು ಬಂದರೆ, ತಲೆ ತಿರುಗಿದರೆ, ಜ್ವರ ಬಂದು ಹೊಟ್ಟೆ ಬಿಗಿದು ನೋವಾದರೆ, ಬೆಳಗಾಗಲಿ ಅಂತ ಕಾಯದೆ ಹೊರಡಿ.

ಕ್ಲೊಪಿಡೊಗ್ರೆಲ್ ಬಗ್ಗೆ: ಸಾಮಾನ್ಯವಾಗಿ 5ರಿಂದ 7 ದಿನ ಮೊದಲು ನಿಲ್ಲಿಸುತ್ತೇವೆ, ಆಸ್ಪಿರಿನ್ ಮುಂದುವರಿಸುತ್ತೇವೆ. ಆದರೆ ನೀವಾಗಿ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿದ ಹೃದಯದ ಡಾಕ್ಟರನ್ನು ಕೇಳಿ, ಬರೆಸಿಕೊಂಡು ಬನ್ನಿ. 3 ವರ್ಷ ಆಗಿದೆ ಅಂದರೆ ಎರಡೂ ಮಾತ್ರೆ ಇನ್ನೂ ಬೇಕಾ ಅಂತ ಅವರೇ ಮತ್ತೆ ಯೋಚಿಸಬಹುದು. ಮತ್ತೆ ಯಾವತ್ತು ಶುರು ಮಾಡಬೇಕು ಅನ್ನುವುದನ್ನೂ ಚೀಟಿಯಲ್ಲಿ ಬರೆಸಿ. ನಿಲ್ಲಿಸಿದ ಮಾತ್ರೆ ಮರೆತೇ ಹೋಗಿ, ಹೃದಯಕ್ಕೆ ತೊಂದರೆ ಆಗುವುದು ರಕ್ತಸ್ರಾವಕ್ಕಿಂತ ಕೆಟ್ಟದ್ದು.

ಇಲ್ಲೇ ಒಂದು ಮಾತು ಸೇರಿಸಬೇಕು. ಹಿಮೋಗ್ಲೋಬಿನ್ ಇಳಿದದ್ದಕ್ಕೆ ಪಾಲಿಪ್ಪೇ ಕಾರಣ ಅಂತ ಖಚಿತ ಮಾಡಿಕೊಂಡಿದ್ದೀರಾ? ಆ ಗಾತ್ರದ ಪಾಲಿಪ್ ಜಿನುಗಬಹುದು, ನಿಜ. ಆದರೆ ಎರಡೆರಡು ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ಹೊಟ್ಟೆಯಲ್ಲಿ ಹುಣ್ಣಾಗಿಯೂ ರಕ್ತ ಹೋಗುತ್ತದೆ. ಬರಿಗಾಲಲ್ಲಿ ತೋಟಕ್ಕೆ ಹೋಗುವವರಲ್ಲಿ ಕೊಕ್ಕೆಹುಳದಿಂದಲೂ ಆಗುತ್ತದೆ. ಬಾಯಿಯಿಂದ ಸ್ಕೋಪ್ ಹಾಕಿ ಹೊಟ್ಟೆ ನೋಡುವ ಎಂಡೋಸ್ಕೋಪಿ ಮತ್ತು ಮಲ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ.

ಯಾವಾಗ ನಾನೇ ಆಪರೇಷನ್ ಮಾಡಿಸಿ ಅನ್ನುತ್ತೇನೆ? ಮೇಲ್ಮೈ ನೋಡಿದಾಗ ಆಳಕ್ಕೆ ಇಳಿದ ಕ್ಯಾನ್ಸರಿನ ಗುರುತು ಇದ್ದರೆ. ಪಾಲಿಪ್ ಅಪೆಂಡಿಕ್ಸಿನ ಬಾಯಿಯೊಳಗೆ ಆಳವಾಗಿ ಹೋಗಿ ಅದರ ಕೊನೆ ಕಾಣದಿದ್ದರೆ. ಸಣ್ಣ ಕರುಳು ಸೇರುವ ಕವಾಟದೊಳಗೆ ಹೊಕ್ಕಿದ್ದರೂ ಕಷ್ಟವೇ, ಆದರೆ ಪಳಗಿದವರು ಅದನ್ನೂ ತೆಗೆಯುತ್ತಾರೆ. ಕೆಲವು ಸೆಂಟರುಗಳಲ್ಲಿ ಸರ್ಜನ್ ಲ್ಯಾಪರೋಸ್ಕೋಪಿಯಿಂದ ಹೊರಗಿನಿಂದ ಕರುಳನ್ನು ಒತ್ತಿ ಹಿಡಿದು, ಎಂಡೋಸ್ಕೋಪಿ ಡಾಕ್ಟರು ಒಳಗಿನಿಂದ ತೆಗೆಯುವ ಜೋಡಿ ವಿಧಾನವೂ ಇದೆ. ಕರುಳು ಪೂರ್ತಿ ಉಳಿಯುತ್ತದೆ. ಗುದನಾಳದ ಪಾಲಿಪ್ ಇರುವ ಓದುಗರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು: ಅಲ್ಲಿ ದೊಡ್ಡ ಆಪರೇಷನ್ ಅಂದರೆ ಕೆಲವೊಮ್ಮೆ ಹೊಟ್ಟೆಯ ಮೇಲೆ ಮಲ ತುಂಬುವ ಚೀಲ, ಮಲ-ಮೂತ್ರದ ಹಿಡಿತದ ತೊಂದರೆ. ಅದನ್ನು ಒಪ್ಪುವ ಮೊದಲು ಇಎಸ್‌ಡಿ ಆಗುತ್ತದಾ, ಗುದದ್ವಾರದಿಂದಲೇ ಮಾಡುವ ಸಣ್ಣ ಆಪರೇಷನ್ ಆಗುತ್ತದಾ ಅಂತ ಖಂಡಿತ ಕೇಳಿ.

ಮತ್ತೊಂದು ಸಂದರ್ಭ ಇದೆ, ಪುಸ್ತಕಗಳಲ್ಲಿ ಇದಕ್ಕೆ ಅಷ್ಟು ಜಾಗ ಕೊಡುವುದಿಲ್ಲ. ತುಂಡು ತುಂಡಾಗಿ ತೆಗೆದವರು 6 ತಿಂಗಳಿಗೆ ಮತ್ತೆ ಕೊಲೊನೋಸ್ಕೋಪಿಗೆ ಬರಲೇಬೇಕು. ಎಲ್ಲ ಸರಿ ಇದ್ದರೆ ಆಮೇಲೆ ಒಂದು ವರ್ಷಕ್ಕೆ ಇನ್ನೊಮ್ಮೆ. 6 ತಿಂಗಳಿಗೆ ಸಣ್ಣಗೆ ಬೆಳೆದದ್ದು ಕಂಡರೆ ಅಲ್ಲೇ ತೆಗೆಯಬಹುದು. ಬರದೆ ಮೂರು-ನಾಲ್ಕು ವರ್ಷ ಬಿಟ್ಟರೆ ಮೊದಲು ಪಟ್ಟ ಕಷ್ಟವೆಲ್ಲ ದಂಡ. ‘ಆರಾಮಿದ್ದಾರೆ, ಮತ್ಯಾಕೆ’ ಅಂತ ಬಿಡುವವರು ಬಹಳ. ಕರೆದುಕೊಂಡು ಬರುವವರು ಯಾರೂ ಇಲ್ಲ, ಬರುವುದು ಆಗುವುದೇ ಇಲ್ಲ ಅಂತಿದ್ದರೆ ಅದನ್ನು ಮೊದಲೇ ಡಾಕ್ಟರಿಗೆ ಹೇಳಿ. ಆಗ ಲೆಕ್ಕ ಬದಲಾಗುತ್ತದೆ. ಒಂದೇ ತುಂಡಾಗಿ ತೆಗೆಯುವ ವಿಧಾನವೋ ಆಪರೇಷನ್ನೋ ಅವರಿಗೆ ಒಳ್ಳೆಯದಿರಬಹುದು. ಅಣ್ಣನ ಮಾತಿನಲ್ಲಿ ತೂಕ ಇರುವುದು ಇಲ್ಲಿ ಮಾತ್ರ. 6 ತಿಂಗಳ ಆ ದಿನಕ್ಕೆ ರಜೆ ಹಾಕಿ ಬರುತ್ತೀಯಾ ಅಂತ ಅವರನ್ನೇ ಕೇಳಿ.

ತೆಗೆದ ಪಾಲಿಪ್ಪಿನ ಪೂರ್ತಿ ರಿಪೋರ್ಟಿನಲ್ಲಿ ಕ್ಯಾನ್ಸರ್ ಅಂತ ಬಂದರೆ ಗತಿ ಏನು ಅಂತ ನೀವು ಕೇಳಬಹುದು. ಆಗಲೂ ತಕ್ಷಣ ಕಂಗಾಲಾಗಬೇಡಿ. ಕ್ಯಾನ್ಸರ್ 1 ಮಿಲಿಮೀಟರಿಗಿಂತ ಆಳಕ್ಕೆ ಇಳಿಯದೆ, ರಕ್ತನಾಳದೊಳಗೆ ಹೊಕ್ಕಿರದೆ, ಅಂಚು ಸ್ವಚ್ಛವಾಗಿದ್ದು, ಜೀವಕೋಶಗಳು ತೀರಾ ಕೆಟ್ಟ ಜಾತಿಯವಲ್ಲದಿದ್ದರೆ, ಸ್ಕೋಪಿನಲ್ಲಿ ತೆಗೆದದ್ದೇ ಸಾಕಾಗಬಹುದು. ಇದರಲ್ಲಿ ಯಾವುದಾದರೂ ತಪ್ಪಿದರೆ ಸುತ್ತಲಿನ ಗ್ರಂಥಿಗಳಿಗೆ ಹರಡಿರುವ ಸಂಭವ ಏರುತ್ತದೆ, ಆಗ ಆಪರೇಷನ್. ಮೊದಲು ಸ್ಕೋಪಿನಿಂದ ತೆಗೆದದ್ದರಿಂದ ಆಪರೇಷನ್ನಿನ ಬಾಗಿಲು ಮುಚ್ಚುವುದಿಲ್ಲ. ಮೊದಲೇ ಕರುಳು ತೆಗೆಸಿಬಿಟ್ಟರೆ ಅದನ್ನು ವಾಪಸ್ ಜೋಡಿಸಲು ಮಾತ್ರ ಯಾರಿಂದಲೂ ಆಗುವುದಿಲ್ಲ.

ಈಗ ಮಾಡಬೇಕಾದ ಕೆಲಸ. ಕೊಲೊನೋಸ್ಕೋಪಿ ಮಾಡಿದ ಕಡೆ ಹೋಗಿ ವಿಡಿಯೋ ಇದ್ದರೆ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಬಹಳ ಜನ ಮಸುಕಾದ ನಾಲ್ಕು ಫೋಟೋ ಇರುವ ಒಂದು ಕಾಗದ ಹಿಡಿದು ನೂರಾರು ಕಿಲೋಮೀಟರ್ ಬರುತ್ತಾರೆ, ಅದರಲ್ಲಿ ಏನೂ ಕಾಣುವುದಿಲ್ಲ. ಒಳ್ಳೆ ವಿಡಿಯೋ ಇದ್ದರೆ ತಜ್ಞರಿಗೆ ಮೊದಲೇ ಕಳಿಸಿ ಕೇಳಬಹುದು, ಒಂದು ಸುತ್ತಿನ ಓಡಾಟ ಉಳಿಯುತ್ತದೆ. ಶಿರಸಿಯವರಿಗೆ ಹುಬ್ಬಳ್ಳಿ, ಕುಮಟಾ-ಹೊನ್ನಾವರದವರಿಗೆ ಮಣಿಪಾಲ ಮತ್ತು ಮಂಗಳೂರು, ಕಾರವಾರದವರಿಗೆ ಗೋವಾ ಹತ್ತಿರ. ಎಲ್ಲಿಗೆ ಹೋದರೂ ಆಸ್ಪತ್ರೆಯ ಬೋರ್ಡಿಗಿಂತ ಕೈ ಮುಖ್ಯ. 2 ಸೆಂಟಿಮೀಟರ್ ಮೀರಿದ ಚಪ್ಪಟೆ ಪಾಲಿಪ್ ನೀವು ವಾರಕ್ಕೆ ಎಷ್ಟು ತೆಗೀತೀರಿ, ತೂತಾದರೆ ಏನು ಮಾಡ್ತೀರಿ, ಸರ್ಜನ್ ಇದೇ ಕಟ್ಟಡದಲ್ಲಿ ಇದ್ದಾರಾ ಅಂತ ಕೇಳಿ. ತಿಂಗಳಿಗೊಂದು ಮಾಡುವವರಿಗಿಂತ ವಾರಕ್ಕೆ ಹಲವು ಮಾಡುವವರು ಮೇಲು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಈ ಚಿಕಿತ್ಸೆ ಬರುತ್ತದಾ ಅಂತ ಆ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಮೊದಲೇ ವಿಚಾರಿಸಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾದರೆ ಹೊರಡುವ ಮುಂಚೆಯೇ ಮಾಡಿಸಿಕೊಳ್ಳಿ.

ಕರುಳು ಸ್ವಚ್ಛ ಆಗದಿದ್ದರೆ ಎಂಥ ಡಾಕ್ಟರಿದ್ದರೂ ದಿನ ದಂಡ. ಕಬ್ಬಿಣದ ಮಾತ್ರೆ ತಗೊಳ್ಳುತ್ತಿದ್ದರೆ ಒಂದು ವಾರ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಕರುಳೆಲ್ಲ ಕಪ್ಪು ಕಪ್ಪು ಅಂಟು. ಎರಡು-ಮೂರು ದಿನ ಮೊದಲಿನಿಂದ ಕೆಂಪು ಕುಚ್ಚಲಕ್ಕಿ, ಸೊಪ್ಪು, ಬೀಜ ಇರುವ ಸೌತೆಕಾಯಿ, ಹಲಸಿನ ಪದಾರ್ಥ ಬೇಡ. ಬಿಳಿ ಅಕ್ಕಿ ಅನ್ನ, ಗಂಜಿ, ಮಜ್ಜಿಗೆ ಸಾಕು. ಹಿಂದಿನ ದಿನ ಸೋಸಿದ ಸಾರಿನ ತಿಳಿ, ಎಳನೀರು ಕುಡಿಯಬಹುದು. ಮುರುಗಲು ಪಾನಕ ಮಾತ್ರ ಕುಡಿಸಬೇಡಿ, ಅದರ ಕೆಂಪು ಒಳಗೆ ರಕ್ತದ ಹಾಗೆ ಕಾಣುತ್ತದೆ. ಭೇದಿ ಔಷಧಿಯ ಅರ್ಧ ಹಿಂದಿನ ಸಂಜೆ, ಇನ್ನರ್ಧ ಅದೇ ದಿನ ಬೆಳಗಿನ ಜಾವ ಕುಡಿದರೆ ಸ್ವಚ್ಛತೆ ಚೆನ್ನಾಗಿ ಬರುತ್ತದೆ. ಆ ದಿನ ಶುಗರ್ ಮಾತ್ರೆ ಎಷ್ಟು, ಯಾವಾಗ ಅಂತ ಕೇಳಿಕೊಳ್ಳಿ. ಉಪವಾಸದಲ್ಲಿ ಎಂದಿನ ಡೋಸ್ ತಗೊಂಡು ಶುಗರ್ ಇಳಿದು ಬೀಳುವವರಿದ್ದಾರೆ.

ಕೊನೆಯದಾಗಿ ನಿಮ್ಮ ಮತ್ತು ಅಣ್ಣನ ವಿಷಯ. ತಂದೆಯವರಿಗೆ ಇಷ್ಟು ದೊಡ್ಡ ಅಡಿನೋಮ ಬಂದಿದೆ ಅಂದರೆ ಮಕ್ಕಳಿಗೂ ಒಡಹುಟ್ಟಿದವರಿಗೂ ಬೇರೆಯವರಿಗಿಂತ ಸ್ವಲ್ಪ ಅಪಾಯ ಜಾಸ್ತಿ. 40 ಆಗಿದ್ದರೆ ಏನೂ ತೊಂದರೆ ಇಲ್ಲದಿದ್ದರೂ ನೀವಿಬ್ಬರೂ ತಪಾಸಣೆ ಮಾಡಿಸಿಕೊಳ್ಳಿ. ತಂದೆಯವರ ಜೊತೆ ಹೋದಾಗ ಅದಕ್ಕೂ ಒಂದು ದಿನ ಕೇಳಿ ಬರೆಸಿಕೊಂಡೇ ಬನ್ನಿ.